ಅಪ್ಪನ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆ? ಸಾಮಾನ್ಯ ನಾಗರಿಕರ ಮನೆಯಲ್ಲಿ ಬಂದೂಕು ಇರಬೇಕೆ?

ಪ್ರಶ್ನೆ: ಸಕಲೇಶಪುರದ ಬೆಳೆಗಾರ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ಒಂಟಿನಳಿಗೆ ತೋಟೆ ಕೋವಿ ಇತ್ತು. ನಾನು ಹುಟ್ಟುವ ಮೊದಲೇ ಅವರು ಅದಕ್ಕೆ ಲೈಸೆನ್ಸ್ ಮಾಡಿಸಿದ್ದರು. ನನಗೆ ನೆನಪಿರುವಷ್ಟು ಕಾಲವೂ ಅದು ಅವರು ಮಲಗುವ ಕೋಣೆಯ ಅಟ್ಟದ ಮೇಲೆ, ಹಳೆಯ ಕಂಬಳಿಯೊಂದರಲ್ಲಿ ಸುತ್ತಿಕೊಂಡು ಇರುತ್ತಿತ್ತು. ತಿಥಿ ಮುಗಿದ ಮರುದಿನವೇ ಅದನ್ನು ಠಾಣೆಗೆ ಒಪ್ಪಿಸಿ ರಶೀದಿ ತಂದಿದ್ದೇನೆ. ವಾರಸುದಾರನಾಗಿ ಅರ್ಜಿ ಹಾಕಿದರೆ ಲೈಸೆನ್ಸ್ ನನ್ನ ಹೆಸರಿಗೆ ಆಗಬಹುದು ಎಂದು ಅಲ್ಲಿಯವರು ಹೇಳಿ ಕಳುಹಿಸಿದರು. ಮೂರು ತಿಂಗಳು ಕಳೆದರೂ ಆ ಅರ್ಜಿಯನ್ನು ಬರೆಯಲು ನನಗೆ ಕೈ ಬಂದಿಲ್ಲ.

ಬೇಕು ಎನ್ನುವುದಕ್ಕೆ ಕಾರಣಗಳಿವೆ. ನಮ್ಮದು ಐದು ಎಕರೆ ಕಾಫಿ ಮತ್ತು ಅದರ ಕೆಳಗೆ ಒಂದಿಷ್ಟು ಗದ್ದೆ. ತೆನೆ ಕಟ್ಟುವ ಹೊತ್ತಿಗೆ ಹಂದಿಯ ಹಿಂಡು ಬಂದರೆ ಒಂದೇ ರಾತ್ರಿಯಲ್ಲಿ ಗದ್ದೆ ಉತ್ತ ನೆಲದಂತಾಗುತ್ತದೆ. ತಂದೆಯವರು ಆಕಾಶಕ್ಕೆ ಒಂದು ಈಡು ಹಾರಿಸಿದರೆ ನಾಲ್ಕು ದಿನ ಅವು ಈ ಕಡೆ ತಲೆ ಹಾಕುತ್ತಿರಲಿಲ್ಲ. ಈಗ ನಾವು ಪಟಾಕಿ ಹಚ್ಚುತ್ತೇವೆ, ಡಬ್ಬ ಬಡಿಯುತ್ತೇವೆ, ಅವು ಅದಕ್ಕೆ ಒಗ್ಗಿಹೋಗಿವೆ. ಮನೆ ಒಂಟಿಯಾಗಿದೆ, ಹತ್ತಿರದ ಮನೆಗೆ ಅರ್ಧ ಮೈಲಿ, ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲ್ ಸಂಪರ್ಕವೂ ಹೋಗುತ್ತದೆ.

ಬೇಡ ಎನ್ನುವುದಕ್ಕೆ ಕಾರಣ ಒಂದೇ, ಆದರೆ ಅದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಊರಿನಲ್ಲಿ ಪೊದೆ ಅಲುಗಾಡಿದ್ದನ್ನು ಕಂಡು ಹಂದಿಯೆಂದು ಹಾರಿಸಿದ ಈಡು ಸೌದೆ ತರಲು ಹೋಗಿದ್ದ ಒಬ್ಬ ಹೆಂಗಸಿಗೆ ತಗುಲಿತು. ಹಾರಿಸಿದವರು ಕೆಟ್ಟವರಲ್ಲ, ಕುಡಿದಿರಲಿಲ್ಲ, ಕೋವಿಗೆ ಲೈಸೆನ್ಸೂ ಇತ್ತು. ಆ ಎರಡೂ ಮನೆಗಳು ಅಂದಿನಿಂದ ಇಂದಿನವರೆಗೂ ಚೇತರಿಸಿಕೊಂಡಿಲ್ಲ.

ಇನ್ನೊಂದು ಮಾತು. ನಮ್ಮ ತೋಟದ ಕೆಳಗಿನ ಹಳ್ಳ ದಾಟಿದರೆ ಕೊಡಗು ಜಿಲ್ಲೆ. ಅಲ್ಲಿಯ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಕೋವಿ ಇದೆ, ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಕಾಡು ಅದೇ, ಹಂದಿ ಅದೇ, ಕತ್ತಲೆಯೂ ಅದೇ. ಹಳ್ಳದ ಆ ದಡದವರನ್ನು ಸರ್ಕಾರ ಹುಟ್ಟಿನಿಂದಲೇ ನಂಬುತ್ತದೆ, ಈ ದಡದ ನನ್ನನ್ನು ವಿಚಾರಣೆ ಮಾಡಿ ನಂಬುತ್ತದೆ. ಇವೆರಡರಲ್ಲಿ ಯಾವುದು ಸರಿ? ಸಾಮಾನ್ಯ ಮನುಷ್ಯನ ಮನೆಯಲ್ಲಿ ಬಂದೂಕು ಇರುವುದೇ ಸರಿಯೇ? ತಿಳಿದವರು ಬಿಡಿಸಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ವಿರಾಜಪೇಟೆಯಿಂದ ಒಬ್ಬ ಕೊಡವ

ತಂದೆಯವರನ್ನು ಕಳೆದುಕೊಂಡಿದ್ದೀರಿ, ಮೊದಲಿಗೆ ನನ್ನ ಸಂತಾಪಗಳು.

ಹಳ್ಳದ ಆಚೆ ದಡದವನಾಗಿ ನಮ್ಮಲ್ಲಿ ಕೋವಿ ಎಂದರೆ ಏನು ಎಂಬುದನ್ನು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಫೋನು ಬರುವುದಕ್ಕೆ ಮೊದಲು ಗುಡ್ಡದಾಚೆಯ ನೆಂಟರಿಗೆ ಸುದ್ದಿ ಮುಟ್ಟುತ್ತಿದ್ದದ್ದು ಹೀಗೆಯೇ, ಮತ್ತು ಎರಡು ಗುಂಡಿನ ಸದ್ದು ಕೇಳಿದವರು ಗದ್ದೆಯಲ್ಲಿ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಹೊರಟುಬರುತ್ತಿದ್ದರು. ನಮ್ಮ ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ಕದಿರು ಕೊಯ್ಯುವ ಮೊದಲು ಗುಂಡು ಹಾರುತ್ತದೆ. ಆಯುಧಗಳ ಹಬ್ಬವಾದ ಕೈಲ್ ಪೊಳ್ದ್ ದಿನ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಸಾಲಾಗಿ ಇಟ್ಟು, ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆ ಹಬ್ಬದ ಒಂದು ವಿಷಯವನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ನಾಟಿಯ ಕೆಲಸ ನಡೆಯುವಷ್ಟು ಕಾಲ ಆಯುಧಗಳನ್ನು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇಟ್ಟುಬಿಡುವುದು ಹಿರಿಯರ ಪದ್ಧತಿಯಾಗಿತ್ತು, ಮುಟ್ಟುವಂತಿರಲಿಲ್ಲ. ಕೈಲ್ ಪೊಳ್ದ್ ಎಂದರೆ ಅವನ್ನು ಮತ್ತೆ ಹೊರಗೆ ತೆಗೆಯುವ ದಿನ. ಕೋವಿ ಇರುವ ಮನೆಯಲ್ಲಿ ಕೋವಿಯನ್ನು ಮುಟ್ಟಬಾರದ ಕಾಲವೂ ಇರಬೇಕು ಎಂಬುದನ್ನು ಯಾವ ಕಾಯ್ದೆಯೂ ಹೇಳುವ ಮೊದಲೇ ನಮ್ಮವರು ಕಂಡುಕೊಂಡಿದ್ದರು.

ಲೈಸೆನ್ಸ್ ಇಲ್ಲ ಎಂದ ಮಾತ್ರಕ್ಕೆ ಲೆಕ್ಕವೂ ಇಲ್ಲ ಎಂದು ತಿಳಿಯಬಾರದು. ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆಯಬೇಕು, ಕೋವಿಯ ವಿವರ ಅದರಲ್ಲಿ ದಾಖಲಾಗುತ್ತದೆ. ಈ ವಿನಾಯಿತಿ ಕೊಡವರಿಗೆ ಮಾತ್ರವಲ್ಲ, ಜಮ್ಮಾ ಎಂಬ ವಂಶಪಾರಂಪರ್ಯದ ಹಿಡುವಳಿ ಭೂಮಿ ಹೊಂದಿರುವ ಬೇರೆ ಸಮುದಾಯದವರಿಗೂ ಇದೆ.

ನನ್ನ ಅಜ್ಜನವರು ಸೇನೆಯಲ್ಲಿದ್ದವರು. ಹನ್ನೆರಡನೆಯ ವಯಸ್ಸಿಗೆ ನನ್ನ ಕೈಗೆ ಖಾಲಿ ಕೋವಿಯನ್ನು ಕೊಟ್ಟು, ಅದನ್ನು ಬಿಚ್ಚಿ, ಎಣ್ಣೆ ಹಾಕಿ, ಮತ್ತೆ ಜೋಡಿಸುವುದನ್ನು ಒಂದು ವರ್ಷ ಕಲಿಸಿದರು. ಆ ವರ್ಷವಿಡೀ ಒಂದು ತೋಟೆಯನ್ನೂ ಕೊಡಲಿಲ್ಲ. ಖಾಲಿ ಎಂದು ಗೊತ್ತಿದ್ದರೂ ನಳಿಗೆಯನ್ನು ಮನುಷ್ಯನ ಕಡೆ ತಿರುಗಿಸಿದರೆ ಆ ದಿನದ ಊಟ ಅಂಗಳದಲ್ಲಿ. ಇಂಥ ಶಿಸ್ತು ಇರುವ ಮನೆಯಲ್ಲಿ ಕೋವಿ ಇರಲಿ ಎಂಬುದೇ ನನ್ನ ಅಭಿಪ್ರಾಯ. ನಿಮ್ಮ ತಂದೆಯವರ ಮನೆಯೂ ಅಂಥದ್ದೇ ಎಂದು ತೋರುತ್ತದೆ. ನೀವು ಅರ್ಜಿ ಹಾಕಿ.

ಉತ್ತರ: ವಕೀಲ, ಶಿವಮೊಗ್ಗ

ಮೇಲಿನವರ ಅಜ್ಜನವರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಶಿಸ್ತನ್ನು ಕಲಿಸಿದ್ದು ಅಜ್ಜ, ಹುಟ್ಟು ಅಲ್ಲ. ಪ್ರಶ್ನೆ ಕೇಳಿದವರ ಸಂದೇಹದ ತಿರುಳು ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ನಮ್ಮ ನಾಡಿನಲ್ಲಿ ಆಯುಧದ ಪ್ರಶ್ನೆ ಎರಡು ಊರುಗಳಲ್ಲಿ ಎರಡು ಬಗೆಯಾಗಿ ತೀರ್ಮಾನವಾಯಿತು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾನೂನನ್ನು ಜಾರಿ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಶಾಲೆಯಲ್ಲಿ ಹಲಗಲಿಯ ಲಾವಣಿಯನ್ನು ಓದಿದವರಿಗೆಲ್ಲ ಇದು ಗೊತ್ತು. ಇದಾಗಿ ನಾಲ್ಕು ವರ್ಷಗಳೂ ತುಂಬುವ ಮೊದಲು, 1861ರ ಫೆಬ್ರವರಿಯಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡಗಿನವರ ನಿಷ್ಠೆಯನ್ನೂ ಶೌರ್ಯವನ್ನೂ ಹೊಗಳಿ, ಅದೇ ನಿಶ್ಶಸ್ತ್ರೀಕರಣದ ಕಾನೂನಿನಿಂದ ಅವರಿಗೆ ವಿನಾಯಿತಿ ಕೊಟ್ಟರು. ಇಬ್ಬರೂ ಬೇಟೆಯ ಹಿನ್ನೆಲೆಯವರು, ಇಬ್ಬರಿಗೂ ಆಯುಧ ಮನೆಯ ವಸ್ತು. ಒಂದು ಕಡೆ ನೇಣು ಸಿಕ್ಕಿತು, ಇನ್ನೊಂದು ಕಡೆ ಮನ್ನಣೆ ಸಿಕ್ಕಿತು. ಇದರಲ್ಲಿ ಕೊಡವರ ತಪ್ಪು ಏನೂ ಇಲ್ಲ. ಆದರೆ ವಿನಾಯಿತಿಯ ಮೂಲದಲ್ಲಿದ್ದ ಅಳತೆಗೋಲು ಸರ್ಕಾರಕ್ಕೆ ಯಾರು ನಿಷ್ಠರು ಎಂಬುದಾಗಿತ್ತು, ಕೋವಿಯನ್ನು ಯಾರು ಜೋಪಾನವಾಗಿ ಇಡಬಲ್ಲರು ಎಂಬುದಾಗಿರಲಿಲ್ಲ. 1878ರ ಆಯುಧ ಕಾಯ್ದೆಯೂ ಹಾಗೆಯೇ. ಭಾರತೀಯರು ಲೈಸೆನ್ಸ್ ಕೇಳಿ ನಿಲ್ಲಬೇಕಾಗಿತ್ತು, ಯುರೋಪಿಯನ್ನರಿಗೆ ಅದರ ಅಗತ್ಯವಿರಲಿಲ್ಲ.

ಈ ಅವಮಾನದ ನೆನಪು ಸ್ವಾತಂತ್ರ್ಯ ಹೋರಾಟದವರಲ್ಲಿ ಆಳವಾಗಿತ್ತು. ಆ ಕಾಯ್ದೆಯನ್ನು ಗಾಂಧೀಜಿಯವರು 1918ರಲ್ಲಿ ಕಟುವಾಗಿ ಖಂಡಿಸಿದ್ದನ್ನು ಬಂದೂಕಿನ ಪರವಾಗಿ ವಾದಿಸುವವರು ಈಗಲೂ ಎತ್ತಿ ಹೇಳುತ್ತಾರೆ. ಅವರು ಅದನ್ನು ಬರೆದದ್ದು ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುವ ಕರಪತ್ರದಲ್ಲಿ, ಮನೆಮನೆಗೆ ಕೋವಿ ಬೇಕೆಂದು ಅಲ್ಲ. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಆಯುಧ ಹೊಂದುವ ಹಕ್ಕು ಸೇರಿತ್ತು, ಅಲ್ಲಿಯೂ ನಿಯಮಗಳಿಗೆ ಒಳಪಟ್ಟು ಎಂಬ ಷರತ್ತಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್. ವಿ. ಕಾಮತರು ಈ ಹಕ್ಕನ್ನು ಸಂವಿಧಾನದಲ್ಲೇ ಸೇರಿಸಬೇಕೆಂದು ತಿದ್ದುಪಡಿ ತಂದರು. ಅವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅಂಬೇಡ್ಕರ್ ಅವರು ವಿರೋಧಿಸಿದರು, ಸಭೆ ತಿದ್ದುಪಡಿಯನ್ನು ಒಪ್ಪಲಿಲ್ಲ. ಪರಕೀಯರು ನಮ್ಮ ಕೈಯಿಂದ ಆಯುಧ ಕಿತ್ತುಕೊಂಡಿದ್ದ ಕೋಪ ಇನ್ನೂ ಹಸಿಯಾಗಿದ್ದ ಕಾಲದಲ್ಲಿಯೂ, ಅದನ್ನು ಮೂಲಭೂತ ಹಕ್ಕಾಗಿಸುವುದು ಬೇಡ ಎಂದು ಆ ಸಭೆ ನಿರ್ಧರಿಸಿತು. ಆ ನಿರ್ಧಾರ ಸರಿಯಾಗಿತ್ತೆಂದು ನಾನು ನಂಬುತ್ತೇನೆ. ಹಕ್ಕಾದರೆ ಬೇಡವೆನ್ನಲು ಸರ್ಕಾರ ಕಾರಣ ಹುಡುಕಬೇಕಾಗುತ್ತದೆ, ಅನುಮತಿಯಾದರೆ ಬೇಕೆನ್ನುವವನು ಕಾರಣ ಕೊಡಬೇಕಾಗುತ್ತದೆ. ಕೊಲ್ಲಬಲ್ಲ ವಸ್ತುವಿನ ವಿಷಯದಲ್ಲಿ ಎರಡನೆಯದೇ ನ್ಯಾಯ.

ಹಾಗೆಂದು ಈಗಿನ ಕಾನೂನು ಸಾಮಾನ್ಯನಿಗೆ ಬಾಗಿಲು ಮುಚ್ಚಿಲ್ಲ. 1959ರ ಆಯುಧ ಕಾಯ್ದೆಯ 13ನೆಯ ಸೆಕ್ಷನ್ ರಕ್ಷಣೆಗಾಗಿ ಅಥವಾ ಕ್ರೀಡೆಗಾಗಿ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಕೋವಿಯನ್ನೂ, ಬೆಳೆಯ ರಕ್ಷಣೆಗಾಗಿ ಮದ್ದು ತುಂಬುವ ಕೋವಿಯನ್ನೂ ಪ್ರತ್ಯೇಕವಾಗಿ ಹೆಸರಿಸುತ್ತದೆ. 14ನೆಯ ಸೆಕ್ಷನ್ನಿನಲ್ಲಿ ನನಗೆ ಬಹಳ ಇಷ್ಟವಾದ ಮಾತೊಂದಿದೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ಐನೂರು ಎಕರೆಯವರಿಗೂ ಅರ್ಧ ಎಕರೆಯವರಿಗೂ ಕಾಗದದ ಮೇಲೆ ಒಂದೇ ನಿಯಮ. ಕಚೇರಿಗಳಲ್ಲಿ ಅದು ಹಾಗೆಯೇ ನಡೆಯುತ್ತದೆಯೇ ಎಂದರೆ, ನಾನು ಕಂಡಂತೆ, ಯಾವಾಗಲೂ ಇಲ್ಲ. ಇಪ್ಪತ್ತೊಂದು ವರ್ಷ ತುಂಬಿರಬೇಕು, ಠಾಣೆಯ ವರದಿ ಬೇಕು, 2016ರ ನಿಯಮಗಳ ಪ್ರಕಾರ ಆರೋಗ್ಯ ಪ್ರಮಾಣಪತ್ರವೂ ತರಬೇತಿಯೂ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿ ಇಟ್ಟುಕೊಳ್ಳುವಂತಿಲ್ಲ, ಮೊದಲು ಮೂರಕ್ಕೆ ಅವಕಾಶವಿತ್ತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಮದುವೆ, ಜಾತ್ರೆಗಳಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕಾಗಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕೊಡಗಿನ ವಿನಾಯಿತಿಯ ಇಂದಿನ ಸ್ಥಿತಿ ಹೀಗಿದೆ. ಕಾಯ್ದೆಯ 41ನೆಯ ಸೆಕ್ಷನ್ ಸಾರ್ವಜನಿಕ ಹಿತದೃಷ್ಟಿಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ನೀಡುತ್ತದೆ. 2019ರ ಅಕ್ಟೋಬರಿನ ಅಧಿಸೂಚನೆಯಂತೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ. ನಿವೃತ್ತ ಸೇನಾಧಿಕಾರಿಯೊಬ್ಬರು ಇದು ಸಮಾನತೆಗೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ, ಈ ಸೌಲಭ್ಯ ಸ್ವಾತಂತ್ರ್ಯಪೂರ್ವದಿಂದ ನಡೆದುಬಂದಿದೆ, ಇದು ಅನಿರ್ದಿಷ್ಟ ಕಾಲದ್ದಲ್ಲ, ಹತ್ತು ವರ್ಷದ ಅವಧಿಗೆ ಸೀಮಿತವಾಗಿದೆ ಎಂಬುದನ್ನು ಗಮನಿಸಿ ಅರ್ಜಿಯನ್ನು ವಜಾ ಮಾಡಿತು. ತೀರ್ಪಿಗೆ ತಲೆಬಾಗುತ್ತೇನೆ. ಆದರೆ ನನ್ನ ಸ್ವಂತ ಅಭಿಪ್ರಾಯವನ್ನು ಕೇಳಿದರೆ, ಕೋವಿಯ ವಿಷಯದಲ್ಲಿ ಸರ್ಕಾರ ನೋಡಬೇಕಾದದ್ದು ಮನುಷ್ಯನ ನಡತೆಯನ್ನೂ ಅಗತ್ಯವನ್ನೂ ಮಾತ್ರ. ಹಳ್ಳದ ಎರಡೂ ದಡದವರಿಗೆ ಒಂದೇ ವಿಚಾರಣೆ ಇರಬೇಕು.

ಪ್ರಶ್ನೆ ಕೇಳಿದವರಿಗೆ ಇನ್ನೆರಡು ವಿಷಯ. 2016ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ಸ್ಪಷ್ಟ ಅವಕಾಶವಿದೆ. ಎರಡನೆಯದಾಗಿ, ಕೋವಿಯ ಲೈಸೆನ್ಸ್ ಎಂದರೆ ಹಂದಿಯನ್ನು ಕೊಲ್ಲುವ ಅನುಮತಿಯಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ ಬೇರೆಯೇ ವಿಷಯ. ಆನೆಯ ಮೇಲಂತೂ ಕೋವಿ ಎತ್ತುವ ಯೋಚನೆಯನ್ನೂ ಮಾಡಬೇಡಿ. ಚರೆ ತಗುಲಿ ಗಾಯಗೊಂಡ ಆನೆ ಮುಂದಿನ ಹತ್ತು ಊರಿಗೆ ಅಪಾಯ.

ಉತ್ತರ: ಸುಳ್ಯದ ಕೃಷಿಕ

ನಾನು ಚಿಕ್ಕದಾಗಿ ಹೇಳುತ್ತೇನೆ. ಮೂವತ್ತು ವರ್ಷಗಳಿಂದ ಬೆಳೆ ರಕ್ಷಣೆಯ ಕೋವಿ ಇಟ್ಟುಕೊಂಡಿದ್ದೇನೆ. ಪ್ರತಿ ಚುನಾವಣೆಗೂ ಅದನ್ನು ಠೇವಣಿ ಇಡಬೇಕು. ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಒಂದರ ಹಿಂದೆ ಒಂದು ಬಂದರೆ ಕೋವಿ ಮನೆಯಲ್ಲಿ ಇರುವುದಕ್ಕಿಂತ ಠಾಣೆಯಲ್ಲಿ ಇರುವುದೇ ಹೆಚ್ಚು, ಮತ್ತು ಆ ತಿಂಗಳುಗಳಲ್ಲೇ ಮಂಗಗಳೂ ಹಂದಿಗಳೂ ತೋಟಕ್ಕೆ ಇಳಿಯುತ್ತವೆ. ಅಪರಾಧದ ಹಿನ್ನೆಲೆ ಇರುವವರ ಕೋವಿಯನ್ನು ಪಡೆಯಲಿ, ಅದಕ್ಕೆ ಪ್ರತಿ ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿಯೇ ಇದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಮೂವತ್ತು ವರ್ಷ ತಪ್ಪಿಲ್ಲದೆ ನಡೆದುಕೊಂಡದ್ದಕ್ಕೆ ಏನು ಬೆಲೆ ಉಳಿಯಿತು? ವಕೀಲರು ನಡತೆಯನ್ನು ನೋಡಬೇಕು ಎಂದರಲ್ಲ, ಅದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ನೋಡಿದ್ದನ್ನು ನೆನಪಿನಲ್ಲಿಯೂ ಇಟ್ಟುಕೊಳ್ಳಬೇಕು.

ಉತ್ತರ: ಮನೋವೈದ್ಯೆ, ಮೈಸೂರು

ಈವರೆಗೆ ಬರೆದವರೆಲ್ಲರೂ ಕೋವಿಯ ಮುಂದೆ ಇರುವವರ ಬಗ್ಗೆ ಯೋಚಿಸಿದ್ದಾರೆ: ಹಂದಿ, ಕಳ್ಳ, ದಾರಿಹೋಕ. ನನ್ನ ಕೆಲಸದಲ್ಲಿ ನಾನು ಯೋಚಿಸಬೇಕಾದದ್ದು ಕೋವಿಯ ಹಿಂದೆ ಇರುವವರ ಬಗ್ಗೆ.

ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,000ಕ್ಕೂ ಹೆಚ್ಚು. ಅವರಲ್ಲಿ 26,000ಕ್ಕೂ ಹೆಚ್ಚು ಜನ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಬಂದೂಕು ಎಂದಾಗ ನಮಗೆ ಕೊಲೆ ನೆನಪಾಗುತ್ತದೆ, ಆದರೆ ಅಷ್ಟೊಂದು ಬಂದೂಕುಗಳಿರುವ ದೇಶದಲ್ಲಿ ಅದು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಅದು ಇದ್ದ ಮನೆಯವರನ್ನೇ. ಸಾಯಬೇಕೆಂಬ ಭಾವನೆ ಬಹಳ ಜನರಲ್ಲಿ ಒಂದು ಅಲೆಯಂತೆ ಬರುತ್ತದೆ. ಕೆಲವು ಗಂಟೆಗಳಲ್ಲಿ, ಕೆಲವೊಮ್ಮೆ ಕೆಲವು ನಿಮಿಷಗಳಲ್ಲಿ ಅದರ ರಭಸ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಒಂದು ಜೀವ ಉಳಿಯುವುದು ನಿಂತಿರುತ್ತದೆ. ಬಂದೂಕಿನಿಂದ ನಡೆದ ಪ್ರಯತ್ನಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಸಾವಿನಲ್ಲಿ ಕೊನೆಗೊಳ್ಳುತ್ತವೆ, ಎರಡನೆಯ ಯೋಚನೆಗೆ ಅದು ಎಡೆಯನ್ನೇ ಕೊಡುವುದಿಲ್ಲ.

ಇದು ಅಮೆರಿಕದ ಮಾತಾಯಿತು, ನಮ್ಮಲ್ಲಿ ಹೀಗಿಲ್ಲ ಎನ್ನಬಹುದು. ನಮ್ಮ ಹಳ್ಳಿಗಳಲ್ಲಿ ಅದೇ ಪಾತ್ರವನ್ನು ಕೀಟನಾಶಕ ವಹಿಸಿದೆ. ಶ್ರೀಲಂಕಾ 1995ರಿಂದ ಹೆಚ್ಚು ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಮುಂದಿನ ಎರಡು ದಶಕಗಳಲ್ಲಿ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಸುಮಾರು ಮೂರನೆಯ ಎರಡು ಭಾಗದಷ್ಟು ಇಳಿಯಿತು. ಜನರ ಸಂಕಟ ಮಾಯವಾಗಿರಲಿಲ್ಲ, ಅಲ್ಲಿ ಯುದ್ಧವೂ ನಡೆಯುತ್ತಿತ್ತು. ಕೈಗೆಟುಕುವ ವಸ್ತು ಬದಲಾಗಿತ್ತು, ಅಷ್ಟೆ. ಆದ್ದರಿಂದ ಲೈಸೆನ್ಸಿಗೆ ಕೊಡುವ ಆರೋಗ್ಯ ಪ್ರಮಾಣಪತ್ರವನ್ನು ಐದು ನಿಮಿಷದ ಸಹಿಯಾಗಿ ನೋಡುವುದು ನನಗೆ ಬಹಳ ನೋವು ಕೊಡುತ್ತದೆ. ಪ್ರಮಾಣಪತ್ರ ಅರ್ಜಿದಾರನದ್ದು ಮಾತ್ರ. ಆ ಮನೆಯಲ್ಲಿ ಪರೀಕ್ಷೆಯಲ್ಲಿ ನಪಾಸಾದ ಮಗನಿರಬಹುದು, ಬಾಣಂತಿ ಸೊಸೆ ಇರಬಹುದು, ಸಾಲದ ನೋಟಿಸನ್ನು ಯಾರಿಗೂ ತೋರಿಸದೆ ಮಡಿಚಿಟ್ಟುಕೊಂಡ ತಮ್ಮನಿರಬಹುದು. ಅವರನ್ನು ಯಾರೂ ಕೇಳುವುದಿಲ್ಲ.

ಇನ್ನೊಂದನ್ನು ಹೆಂಗಸಾಗಿ ಹೇಳುತ್ತೇನೆ. ಗಂಡ ಹೊಡೆಯುವ ಮನೆಯಲ್ಲಿ ಕೋವಿಯೂ ಇದ್ದರೆ ಅದನ್ನು ಅವನು ಎಂದೂ ಕೆಳಗಿಳಿಸಬೇಕಾಗಿಲ್ಲ. ಅದು ಅಟ್ಟದ ಮೇಲೆ ಇದೆ ಎಂಬುದು ಅವಳಿಗೆ ಗೊತ್ತಿದ್ದರೆ ಸಾಕು. ವರದಿ ಬರೆಯಲು ಬರುವ ಪೊಲೀಸರು ಊರಿನ ಗಂಡಸರನ್ನು ಕೇಳಿ ಹೋಗುತ್ತಾರೆ, ಅಡುಗೆಮನೆಯ ಬಾಗಿಲಲ್ಲಿ ನಿಂತವಳನ್ನು ಬೇರೆಯಾಗಿ ಕರೆದು ಕೇಳಿದ್ದನ್ನು ನಾನು ಕೇಳಿಲ್ಲ.

ಪ್ರಶ್ನೆ ಕೇಳಿದವರು ಅರ್ಜಿ ಹಾಕಲಿ ಅಥವಾ ಬಿಡಲಿ. ಹಾಕುವುದಾದರೆ ಮೊದಲು ಮನೆಯವರೆಲ್ಲರನ್ನೂ ಕೂರಿಸಿಕೊಂಡು ಕೇಳಲಿ, ಅವರಲ್ಲಿ ಒಬ್ಬರು ಬೇಡ ಎಂದರೂ ಬಿಟ್ಟುಬಿಡಲಿ. ಇದನ್ನು ಓದುತ್ತಿರುವ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಉತ್ತರ: ಡಲ್ಲಾಸಿನಲ್ಲಿರುವ ಕನ್ನಡಿಗ

ವೈದ್ಯರು ಅಮೆರಿಕದ ಅಂಕಿಗಳನ್ನು ಕೊಟ್ಟಿದ್ದಾರೆ. ಆ ಅಂಕಿಗಳ ನಡುವೆ ಬದುಕುವುದು ಹೇಗಿರುತ್ತದೆ ಎಂದು ಇಲ್ಲಿ ಹದಿನಾರು ವರ್ಷದಿಂದ ಇರುವ ನಾನು ಹೇಳಬಲ್ಲೆ.

ಇಲ್ಲಿ ಆಯುಧ ಹೊಂದುವುದು 1791ರಿಂದ ಸಂವಿಧಾನದ ಹಕ್ಕು. ಟೆಕ್ಸಸ್ ರಾಜ್ಯದಲ್ಲಿ 2021ರ ಸೆಪ್ಟೆಂಬರಿನಿಂದ ಇಪ್ಪತ್ತೊಂದು ತುಂಬಿದ ಹೆಚ್ಚಿನವರು ಯಾವ ಪರವಾನಗಿಯೂ ಇಲ್ಲದೆ ಪಿಸ್ತೂಲನ್ನು ಸೊಂಟದಲ್ಲಿಟ್ಟುಕೊಂಡು ತಿರುಗಬಹುದು. ಅಂಗಡಿಯಲ್ಲಿ ಕೊಂಡರೆ ಹಿನ್ನೆಲೆ ಪರಿಶೀಲನೆ ಇದೆ, ಆದರೆ ಪರಿಚಯದವರಿಂದ ಖಾಸಗಿಯಾಗಿ ಕೊಂಡರೆ ಅದೂ ಇಲ್ಲ. 2017ರ ಒಂದು ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಇಲ್ಲಿ ನೂರು ಜನರಿಗೆ ಸುಮಾರು 120 ಬಂದೂಕುಗಳಿವೆ, ಭಾರತದಲ್ಲಿ ನೂರಕ್ಕೆ ಐದು ಚಿಲ್ಲರೆ.

ನನ್ನ ನೆರೆಮನೆಯವರು ಒಳ್ಳೆಯ ಜನ. ಅವರ ಮನೆಯಲ್ಲಿ ಒಂಬತ್ತು ಬಂದೂಕುಗಳಿವೆ, ಎಲ್ಲವೂ ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿ. ಅವರ ಮೇಲೆ ನನಗೆ ಭಯವಿಲ್ಲ. ಆದರೆ ಮಗಳನ್ನು ಅವಳ ಗೆಳತಿಯರ ಮನೆಗೆ ಆಟಕ್ಕೆ ಕಳುಹಿಸುವ ಮೊದಲು ಆ ತಾಯಿತಂದೆಯರನ್ನು, ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ, ಬೀಗದಲ್ಲಿದೆಯೇ ಎಂದು ಕೇಳುತ್ತೇನೆ. ಹಾಸನದಲ್ಲಿ ಬೆಳೆದ ನನಗೆ ಇನ್ನೊಬ್ಬರ ಮನೆಯ ಬಗ್ಗೆ ಹಾಗೆ ಕೇಳುವುದು ಮೊದಲ ವರ್ಷಗಳಲ್ಲಿ ಬಾಯಿಗೇ ಬರುತ್ತಿರಲಿಲ್ಲ. 2022ರ ಮೇ ತಿಂಗಳಲ್ಲಿ ಯುವಾಲ್ಡಿ ಊರಿನ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಕೊಂದವನು ಹದಿನೆಂಟು ತುಂಬಿದ ಕೂಡಲೇ ಕಾನೂನಿನ ಪ್ರಕಾರವೇ ಬಂದೂಕು ಕೊಂಡಿದ್ದ. ಮರುವರ್ಷದ ಮೇ ತಿಂಗಳಲ್ಲಿ ನಮ್ಮ ಪಕ್ಕದ ಆ್ಯಲೆನ್ ಊರಿನ ಮಳಿಗೆಗಳ ಸಮುಚ್ಚಯದಲ್ಲಿ ಎಂಟು ಜನ ಸತ್ತರು. ಅವರಲ್ಲಿ ಭಾರತದಿಂದ ಬಂದು ಇಲ್ಲಿ ಎಂಜಿನಿಯರ್ ಆಗಿದ್ದ ಯುವತಿಯೊಬ್ಬಳಿದ್ದಳು. ಆ ಅಂಗಡಿಗಳಿಗೆ ನಾವು ದೀಪಾವಳಿಗೆ ಬಟ್ಟೆ ಕೊಳ್ಳಲು ಹೋಗುತ್ತಿದ್ದೆವು. ನನ್ನ ಮಗಳು ಒಂದನೆಯ ತರಗತಿಯಲ್ಲಿ ಕಲಿತ ಮೊದಲ ಶಿಸ್ತು, ದೀಪ ಆರಿಸಿ, ಮೇಜಿನ ಹಿಂದೆ ಉಸಿರು ಬಿಗಿಹಿಡಿದು ಕೂರುವುದು.

ಊರಿನಲ್ಲಿರುವವರು ಲೈಸೆನ್ಸಿಗಾಗಿ ವರ್ಷಗಟ್ಟಲೆ ಅಲೆಯುವುದನ್ನು ಓದಿದಾಗ ನನಗೆ ಬೇಸರವಾಗುತ್ತದೆ, ಆದರೆ ಆ ಬಾಗಿಲನ್ನು ದಯವಿಟ್ಟು ತೆಗೆದುಹಾಕಬೇಡಿ. ಒಮ್ಮೆ ಹಕ್ಕಾಗಿ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಇಲ್ಲಿಯ ಜನರಿಗೆ ಇಷ್ಟು ಸಾವುಗಳ ನಂತರವೂ ಆಗಿಲ್ಲ.

ಉತ್ತರ: ವಿರಾಜಪೇಟೆಯಿಂದ ಒಬ್ಬ ಕೊಡವ

ಎಲ್ಲವನ್ನೂ ಎರಡು ಸಲ ಓದಿದೆ. ವಕೀಲರು ಹಲಗಲಿಯ ಪಕ್ಕದಲ್ಲಿ ಕಬ್ಬನ್ನರ ಆದೇಶವನ್ನು ಇಟ್ಟು ತೋರಿಸಿದ್ದು ನನಗೆ ಹೊಸದು. ಲಾವಣಿ ಗೊತ್ತಿತ್ತು, ಆದೇಶವೂ ಗೊತ್ತಿತ್ತು, ಎರಡರ ನಡುವೆ ನಾಲ್ಕು ವರ್ಷವೂ ಇಲ್ಲ ಎಂಬುದು ತಲೆಗೆ ಬಂದಿರಲಿಲ್ಲ. ಹಾಗಿದ್ದರೂ ವಿನಾಯಿತಿಯನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಕೊಟ್ಟವನ ಉದ್ದೇಶ ಏನೇ ಇದ್ದಿರಲಿ, ಅದನ್ನು ನೂರರವತ್ತು ವರ್ಷ ಕಾಪಾಡಿಕೊಂಡು ಬಂದದ್ದು ನಮ್ಮ ಮನೆಗಳ ನಡತೆ. ಆದರೆ ವೈದ್ಯರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ವಿನಾಯಿತಿ ಪತ್ರಕ್ಕಾಗಿ ಹೋದಾಗ ನನ್ನ ಹೆಂಡತಿಯನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನಿನ್ನೆ ರಾತ್ರಿ ನಾನೇ ಕೇಳಿದೆ. ತೋಟೆಗಳನ್ನು ಕೋವಿಯ ಜೊತೆಗೆ ಒಂದೇ ಕಪಾಟಿನಲ್ಲಿ ಇಡುವುದು ತನಗೆ ಎಂದೂ ಇಷ್ಟವಿರಲಿಲ್ಲ ಎಂದು ಹೇಳಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದೆ. ಈಗ ತೋಟೆಗಳು ಬೇರೆ ಪೆಟ್ಟಿಗೆಯಲ್ಲಿವೆ, ಅದರ ಬೀಗದ ಕೈ ಅವಳ ಬಳಿ ಇದೆ.

ಉತ್ತರ: ವಕೀಲ, ಶಿವಮೊಗ್ಗ

ಒಂದು ಸೇರ್ಪಡೆ. ಚರ್ಚೆಯೆಲ್ಲ ಲೈಸೆನ್ಸ್ ಇರುವ ಕೋವಿಯ ಸುತ್ತ ನಡೆದಿದೆ. ಡಲ್ಲಾಸಿನವರು ಹೇಳಿದ ಅದೇ ಅಂದಾಜಿನಲ್ಲಿ ಭಾರತದ ನಾಗರಿಕರ ಬಳಿ 7.11 ಕೋಟಿ ಬಂದೂಕುಗಳಿದ್ದವು, ಅವುಗಳಲ್ಲಿ ದಾಖಲೆ ಇದ್ದದ್ದು 97 ಲಕ್ಷಕ್ಕೆ ಮಾತ್ರ. ಉಳಿದವು ನಾಡಬಂದೂಕು, ಕಳ್ಳಮಾಲು. ನಮ್ಮಲ್ಲಿ ಬಂದೂಕಿನಿಂದ ನಡೆಯುವ ಕೊಲೆಗಳಲ್ಲಿ ಬಹುಪಾಲು ಈ ದಾಖಲೆಯಿಲ್ಲದ ಆಯುಧಗಳಿಂದಲೇ ಆಗುತ್ತವೆ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ. ಎಂ. ಜೋಸೆಫ್ ಮತ್ತು ನಮ್ಮ ನಾಡಿನವರೇ ಆದ ಬಿ. ವಿ. ನಾಗರತ್ನ ಅವರು ಈ ಬಗ್ಗೆ ತಾವಾಗಿಯೇ ಕಳವಳ ವ್ಯಕ್ತಪಡಿಸಿ, ನಮ್ಮ ಸಂವಿಧಾನದಲ್ಲಿ ಆಯುಧ ಹೊಂದುವ ಹಕ್ಕಿಲ್ಲ ಎಂಬುದನ್ನೂ ನೆನಪಿಸಿದರು. ಸುಳ್ಯದ ಕೃಷಿಕರ ಕೋವಿಯನ್ನು ಪ್ರತಿ ಚುನಾವಣೆಗೂ ತರಿಸಿಕೊಳ್ಳುವಷ್ಟೇ ಶ್ರದ್ಧೆಯನ್ನು ಈ ಕಡೆಗೆ ತೋರಿಸಬೇಕೆಂದು ನಾನು ಬಯಸುತ್ತೇನೆ.

ಪ್ರಶ್ನೆ ಕೇಳಿದವರಿಂದ: ಸಕಲೇಶಪುರದ ಬೆಳೆಗಾರ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು.

ವೈದ್ಯರು ಹೇಳಿದಂತೆ ಭಾನುವಾರ ಸಂಜೆ ಮನೆಯವರೆಲ್ಲ ಕುಳಿತೆವು. ಹೆಂಡತಿ ಬೇಕು ಎಂದಳು, ನಾನು ಮಂಡಿಗೆ ಹೋಗಿ ರಾತ್ರಿ ತಡವಾದಾಗ ಅತ್ತೆಯೂ ಸೊಸೆಯೂ ಇಬ್ಬರೇ ಇರುತ್ತಾರೆ ಎಂಬುದು ಅವಳ ಕಾರಣ. ಮಗ ಪಿಯುಸಿ ಎರಡನೆಯ ವರ್ಷದಲ್ಲಿದ್ದಾನೆ, ಏನೂ ಹೇಳಲಿಲ್ಲ, ಆ ಮೌನವನ್ನು ನಾನು ಗಮನಿಸಿದೆ. ನಮ್ಮ ತಾಯಿಯವರು ಕೊನೆಯಲ್ಲಿ ಮಾತನಾಡಿದರು. ಪಕ್ಕದ ಊರಿನಲ್ಲಿ ಆ ಹೆಂಗಸಿಗೆ ಈಡು ತಗುಲಿದ ವರ್ಷದಿಂದ ತಂದೆಯವರು ಮನೆಯಲ್ಲಿ ತೋಟೆ ಇಡುವುದನ್ನೇ ನಿಲ್ಲಿಸಿದ್ದರಂತೆ. ಆಮೇಲೆ ನಾವು ಕೇಳಿದ ಸದ್ದುಗಳೆಲ್ಲ ಗರ್ನಾಲು ಪಟಾಕಿಯವು. ಲೈಸೆನ್ಸನ್ನು ಮಾತ್ರ ಪ್ರತಿ ಸಲವೂ ನವೀಕರಿಸುತ್ತಿದ್ದರು, ಯಾಕೆ ಎಂದು ಅವರನ್ನು ತಾವೂ ಕೇಳಲಿಲ್ಲ ಎಂದು ಹೇಳಿ ತಾಯಿಯವರು ಒಳಗೆ ಹೋದರು.

ಮಗನ ಪರೀಕ್ಷೆಗಳು ಮುಗಿಯುವವರೆಗೆ ನಾನು ಅರ್ಜಿ ಹಾಕುವುದಿಲ್ಲ. ಗದ್ದೆಯ ಸುತ್ತ ಸೋಲಾರ್ ಬೇಲಿಗೆ ಸಹಾಯಧನ ಸಿಗುತ್ತದೆಯೇ ಎಂದು ವಿಚಾರಿಸಲು ನಾಳೆ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇನೆ. ಅದರ ಬಗ್ಗೆ ಅನುಭವ ಇರುವವರು ಇದ್ದರೆ, ಒಂದು ಎಕರೆಗೆ ಎಷ್ಟು ಖರ್ಚಾಯಿತು, ಮಳೆಗಾಲದಲ್ಲಿ ಹೇಗೆ ನಿಭಾಯಿಸುತ್ತೀರಿ ಎಂಬುದನ್ನು ದಯವಿಟ್ಟು ಬರೆಯಿರಿ.